ನೀರು ಹಾಕಬಾರದ ಕುಂಡಗಳು

ಯಲ್ಲಪ್ಪ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಊರಿ, ತಲೆ ಓರೆ ಮಾಡಿ ನಿಲ್ಲುತ್ತಿದ್ದ. "ಇನ್ನ ಎರಡು ದಿನ ತಡೀತೈತ್ರಿ," ಎನ್ನುತ್ತಿದ್ದ. ತೇವ ಅಳೆಯುವ ನನ್ನ ಯಂತ್ರ ಒಮ್ಮೆಯೂ ಅವನ ಮಾತನ್ನು ಸುಳ್ಳು ಮಾಡಲಿಲ್ಲ.

ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅವನು, ಗದಗದ ಕಡೆಯವನು. ಎಂ.ಎಸ್ಸಿ. ಪ್ರಬಂಧಕ್ಕೆಂದು ನಾನು ಟೆರೇಸಿನ ಮೇಲೆ ನಲವತ್ತು ಕುಂಡಗಳಲ್ಲಿ ಶೇಂಗಾ ಹಾಕಿದ್ದೆ. ಹೂ ಬಿಟ್ಟ ಮೇಲೆ ಅರ್ಧದಷ್ಟಕ್ಕೆ ದಿನವೂ ನೀರು. ಉಳಿದರ್ಧಕ್ಕೆ ಭಾನುವಾರ ಒಂದೇ ಮಗ್, ಮಿಕ್ಕಂತೆ ಮೇ ತಿಂಗಳ ಬಿಸಿಲು. ಇಳುವರಿ ಎಷ್ಟು ಕುಸಿಯುತ್ತದೆಂದು ನೋಡಬೇಕಿತ್ತು. ನಾನು ಬೆಳಿಗ್ಗೆಯೇ ಕಾಲೇಜಿಗೆ ಲೋಕಲ್ ರೈಲು ಹಿಡಿಯುವವಳಾದ್ದರಿಂದ ನೀರಿನ ಕೆಲಸ ಅವನಿಗೆ ಒಪ್ಪಿಸಿದ್ದೆ.

ಹೂವಿನ ಬುಡದಿಂದ ಸೂಜಿಯಂಥ ಕುಡಿ ಇಳಿದು ಮಣ್ಣು ಹೊಕ್ಕರೆ ಮಾತ್ರ ಕಾಯಿ ಎಂದು ಓದಿದ್ದೆ. ಮೊಣಕಾಲೂರಿ ಅದನ್ನು ತೋರಿಸಿದವನು ಯಲ್ಲಪ್ಪ. "ನೆಲ ಬಿರುಸಾತಂದ್ರ ಅದಕ್ಕ ಒಳಗ ಹೋಗಾಕ ಆಗಂಗಿಲ್ರಿ. ಮ್ಯಾಲೇ ಸುಟ್ಟು ಹೋಗ್ತೈತಿ."

ಒಣ ಕುಂಡಗಳಿಗೆ ನೀರು ಹಾಕಿಲ್ಲ ತಾನೆ ಎಂದು ಪ್ರತಿ ಸಂಜೆ ಕೇಳುತ್ತಿದ್ದೆ. "ಮುಟ್ಟಿಲ್ರಿ ಬಾಯಾರ," ಎನ್ನುತ್ತಿದ್ದ.

ಗಿಡ ಕಿತ್ತ ದಿನ ನಲವತ್ತೂ ಕುಂಡಗಳಲ್ಲಿ ಗೊಂಚಲು ಗೊಂಚಲು ಕಾಯಿ. "ಎಲ್ಲಾದ್ರಾಗೂ ಚಲೋ ಹಿಡದಾವ್ರಿ," ಎಂದು ಅವನು ಹಿಗ್ಗಿದಾಗಲೇ ನನಗೆ ಹೊಳೆದದ್ದು. ಗದರಿ ಕೇಳಿದೆ. ಸೋಮವಾರ, ಬುಧವಾರ ಒಣ ಕುಂಡಗಳಿಗೂ ನೀರು ಹಾಕುತ್ತಿದ್ದನಂತೆ. ಭಾನುವಾರ ನಾನು ಅಳೆಯುವ ಹೊತ್ತಿಗೆ ಆ ಬಿಸಿಲಿಗೆ ಎಲ್ಲ ಆರಿರುತ್ತಿತ್ತು. ಮಣ್ಣು ಬಲ್ಲವನ ಲೆಕ್ಕ ತಪ್ಪಿರಲಿಲ್ಲ.

ನನ್ನದೊಂದು ವರ್ಷ ಹೋಯಿತು. ಅದಕ್ಕಿಂತ, ಅಷ್ಟು ಸಂಜೆ ನನ್ನ ಮುಖ ನೋಡಿಯೇ ಸುಳ್ಳು ಹೇಳಿದನಲ್ಲ ಎಂಬುದು ಚುಚ್ಚಿತು. ಸೊಸೈಟಿಯ ಸೆಕ್ರೆಟರಿಗೆ ದೂರು ಕೊಟ್ಟೆ. ವಾಚ್‌ಮನ್ ಏಜೆನ್ಸಿಯವರು ಅವನನ್ನು ದೂರದ ದಹಿಸರ್‌ನ ಬೇರೆ ಬಿಲ್ಡಿಂಗಿಗೆ ಹಾಕಿದರು.

ಮರುವರ್ಷ ಟೆರೇಸಿಗೆ ಬೀಗ ಜಡಿದು ಎಲ್ಲವನ್ನೂ ನಾನೇ ಮಾಡಿದೆ. ಒಣ ಕುಂಡಗಳಲ್ಲಿ ಸೂಜಿಗಳು ನೆಲ ಮುಟ್ಟುವ ಮೊದಲೇ ಕರಟಿದವು. ಸಿಕ್ಕ ನಾಲ್ಕು ಕಾಯಿಯೂ ಜೊಳ್ಳು. ಪ್ರಬಂಧ ಒಪ್ಪಿಗೆಯಾಯಿತು.

ಆಮೇಲೊಂದು ಮಧ್ಯಾಹ್ನ ದಹಿಸರ್‌ಗೆ ಹೋದೆ. ಅವನು ಎದ್ದು ತನ್ನ ಕುರ್ಚಿ ಕೊಟ್ಟ. ಕುಳಿತುಕೊಳ್ಳದೆ ಕೇಳಿದೆ: ಗಿಡ ಒಣಗಿಸುವುದು ತನ್ನಿಂದ ಆಗುವುದಿಲ್ಲವೆಂದು ನೇರವಾಗಿ ಹೇಳಬಹುದಿತ್ತಲ್ಲ, ಸುಳ್ಳೇಕೆ?

"ಹೇಳಿದ್ರ ನೀವು ಟೆರೇಸಿಗೆ ಕೀಲಿ ಹಾಕ್ತಿದ್ರಿ, ಬಾಯಾರ," ಎಂದ.

ಸ್ಟೇಷನ್ನಿನ ಕಡೆ ನಡೆದೆ. ಅವನನ್ನು ಕ್ಷಮಿಸಿದ್ದೇನೆಂದು ಇಂದಿಗೂ ಹೇಳಲಾರೆ.