ಶುಕ್ರವಾರದ ಜನರಲ್

ಗಲ್ಫಿನ ನೈಫ್ ಪೇಟೆಯ ಪಕ್ಕದ ಒಂದು ಹೋಟೆಲಿನ ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಒಬ್ಬ ಕ್ರಾಂತಿಕಾರಿ ಜನರಲ್ ಹುಟ್ಟಿ, ಹೋರಾಡಿ, ಗದ್ದುಗೆ ಏರುತ್ತಿದ್ದ. ವೇಷದೊಳಗಿದ್ದವನು ಕಿನ್ನಿಗೋಳಿಯ ವೇಟರ್ ಅಲೆಕ್ಸಾಂಡರ್. ಅಗಲ ಟೋಪಿ, ಎದೆಗೆ ಅಡ್ಡಡ್ಡ ತೋಟಾಪಟ್ಟಿ, ಅಂಟಿಸಿದ ಮೀಸೆ. ಕಥೆ ಹೋಟೆಲಿನವರೇ ಹೊಸೆದದ್ದು: ಕೂಲಿಯವನ ಮಗ ಬಂದೂಕು ಹಿಡಿದ, ಗೆದ್ದರೆ ಭೂಮಿ ಹಂಚುತ್ತೇನೆಂದು ಸಿಪಾಯಿಗಳಿಗೆ ಮಾತು ಕೊಟ್ಟ, ಗೆದ್ದು ಮಂತ್ರಿಯಾದ. ಅಲ್ಲಿಗೆ ಚಪ್ಪಾಳೆ. ಭೂಮಿಯ ಗತಿ ಏನಾಯಿತೆಂದು ಊಟಕ್ಕೆ ಬಂದವರು ಯಾಕೆ ಕೇಳಿಯಾರು?

ಅಲೆಕ್ಸಾಂಡರನ ಹೊಟ್ಟೆಯಲ್ಲಿ ಮಾತ್ರ ಆ ಪ್ರಶ್ನೆ ಉರಿಯುತ್ತಿತ್ತು. ಅಂಥದೇ ಒಬ್ಬ ಮಹಾನುಭಾವನ ಸಿಪಾಯಿ ಅವನು. ತೊಂಬತ್ತಾರರ ಜುಲೈಯಲ್ಲಿ ಕೆಲಸದವರ ಕ್ಯಾಂಪಿನ ಎಸಿ ಕೆಟ್ಟು ಒಂದೇ ರೂಮಿನಲ್ಲಿ ಹನ್ನೆರಡು ಮಂದಿ ಬೇಯುತ್ತಿದ್ದಾಗ, ಆಗ ಜೊತೆಗೇ ತಟ್ಟೆ ಹೊರುತ್ತಿದ್ದ ಪುತ್ತೂರಿನ ಗುರುದತ್ತ ಎಲ್ಲರನ್ನೂ ಮೆಟ್ಟಿಲ ಮೇಲೆ ಕೂರಿಸಿ ಕೆಲಸ ನಿಲ್ಲಿಸಿದ್ದ.

"ಎಸಿ ಮಾತ್ರ ಅಲ್ಲ, ಎಲ್ಲರ ವೀಸಾದಲ್ಲಿಯೂ ಸರಿಯಾದ ಕೆಲಸದ ಹೆಸರು ಹಾಕಿಸ್ತೇನೆ" ಎಂದು ಎದೆ ತಟ್ಟಿದ್ದ.

ಎಸಿ ಬಂತು. ಗುರುದತ್ತನಿಗೆ ಸ್ಟಾಫ್ ಮ್ಯಾನೇಜರ್ ಕುರ್ಚಿ ಬಂತು. ಊರಿಂದ ಅವನ ಹೆಂಡತಿ ಮಕ್ಕಳೂ ಬಂದರು. ಅದಾದ ಮೇಲೂ ಏಳು ವರ್ಷ ತಟ್ಟೆ ಹೊತ್ತ ಅಲೆಕ್ಸಾಂಡರನ ವೀಸಾದಲ್ಲಿ ಮಾತ್ರ ‘ಜನರಲ್ ಕ್ಲೀನರ್’ ಎಂದೇ ಇತ್ತು. ಆ ಹೆಸರಿನ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ.

"ಜನರಲ್ ಅಂತೆ ಜನರಲ್! ಪೋಸ್ಟ್‌ಮ್ಯಾನನ್ನು ಮದುವೆ ಆಗಿದ್ರೆ ಸಂಜೆ ಮನೆಗಾದ್ರೂ ಬರ್ತಿದ್ದ" ಎಂದು ಊರಲ್ಲಿದ್ದ ಹೆಂಡತಿ ಲೂರ್ದ್ ಫೋನಿನಲ್ಲಿ ನಗುತ್ತಿದ್ದಳು. ಈಚೆಗೆ ನಗುವುದನ್ನೂ ಬಿಟ್ಟಿದ್ದಳು.

ಒಂದು ಗುರುವಾರ ವೀಸಾ ನವೀಕರಣವಾಗಿ ಬಂತು. ಮತ್ತೆ ಅದೇ ಹೆಸರು.

"ಎಂತ ಮಾಡುದು ಮಾರಾಯ, ಮರೆತೇ ಹೋಯ್ತು. ಇನ್ನು ಮೂರು ವರ್ಷ ಬಿಟ್ಟು ನೋಡುವ" ಎಂದ ಗುರುದತ್ತ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಮರುದಿನ ಜನರಲ್ ಮಂತ್ರಿಯಾದ, ಜನ ಚಪ್ಪಾಳೆ ತಟ್ಟಿದರು. ಅಲೆಕ್ಸಾಂಡರ್ ಕೈ ಎತ್ತಿ ನಿಲ್ಲಿಸಿದ. "ಕಥೆ ಮುಗಿದಿಲ್ಲ. ಒಬ್ಬ ಸಿಪಾಯಿ ಬಂದು ‘ನನ್ನ ಭೂಮಿ?’ ಅಂತ ಕೇಳಿದ. ಮಂತ್ರಿ ಹೇಳಿದ: ‘ಮರೆತೇ ಹೋಯ್ತು. ಇನ್ನು ಮೂರು ವರ್ಷ ಬಿಟ್ಟು ನೋಡುವ.’"

ಜನ ಬಿದ್ದು ಬಿದ್ದು ನಕ್ಕರು! ಎಂದೂ ಬೀಳದಷ್ಟು ಚಪ್ಪಾಳೆ ಬಿತ್ತು. ಅಲೆಕ್ಸಾಂಡರನ ಮೈಗೆ ಬೆಂಕಿ ಬಿದ್ದಂತಾಯಿತು. ಗುರುದತ್ತ ಹಲ್ಲು ಕಿರಿಯುತ್ತ ಬಂದ.

"ಸೂಪರ್ ಎಂಡಿಂಗ್ ಮಾರಾಯ! ಇನ್ನು ವಾರ ವಾರ ಇದನ್ನೇ ಮಾಡು."

ಅದು ತನ್ನದೇ ಮಾತೆಂಬುದೂ ಪುಣ್ಯಾತ್ಮನಿಗೆ ನೆನಪಿರಲಿಲ್ಲ. ಅಲೆಕ್ಸಾಂಡರ್ ಟೋಪಿ ತೆಗೆದು ಅವನ ತಲೆಗೇ ಇಟ್ಟ. ‘ಸರ್’ ಎನ್ನುವುದನ್ನು ಅಲ್ಲಿಗೇ ಬಿಟ್ಟ.

"ಜನರಲ್ ನೀನೇ ಆಗು ಗುರುದತ್ತ. ವೀಸಾದಲ್ಲಿ ಎಂತ ಉಂಟೋ ಅಷ್ಟೇ ಕೆಲಸ ನಂದು."

ಹೋಗಿ ಮಾಪ್ ತಂದು, ಊಟ ಮಾಡುವವರ ಕಾಲಬುಡದಲ್ಲೇ ನೆಲ ಒರೆಸತೊಡಗಿದ.

"ಹುಚ್ಚು ಹಿಡೀತಾ ನಿಂಗೆ? ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತೇನೆ, ಖಲಾಸ್!"

"ಕಳಿಸು" ಎಂದ ಅಲೆಕ್ಸಾಂಡರ್, ತಲೆ ಎತ್ತಲಿಲ್ಲ.

ಲೂರ್ದ್‌ಳನ್ನು ಕರೆಸುವ ಕಾಗದಕ್ಕೆ ಏಳು ವರ್ಷ ಬೀಳದಿದ್ದ ಸಹಿ, ಅವನನ್ನು ಕಳಿಸುವ ಕಾಗದಕ್ಕೆ ಹತ್ತೇ ನಿಮಿಷದಲ್ಲಿ ಬಿತ್ತು.