ಸ್ವಲ್ಪ ತಲೆ ಬಗ್ಗಿಸಿ

ನಮ್ಮ ಬೀದಿಯ ಕಟಿಂಗ್ ಶಾಪಿನವನನ್ನು ಎಲ್ಲರೂ ಕರೆಯುವುದು ಪದ್ಯದಣ್ಣ ಅಂತಲೇ. ಗಿರಾಕಿಯ ಕೊರಳಿಗೆ ಬಟ್ಟೆ ಬಿಗಿದನೆಂದರೆ ಪದ್ಯ ಶುರು. ಕತ್ತರಿ ಕಿವಿಯ ಪಕ್ಕ ಕಚಕಚ ಅನ್ನುವಾಗ ಬೇಡ ಅನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಗೋಡೆಯ ಹಲ್ಲಿಗೂ ಅದು ಬಾಯಿಪಾಠವಾಗಿ, ಅದರ ಮರಿಗಳು ಮೊಟ್ಟೆಯೊಳಗಿಂದಲೇ ಲೊಚಗುಟ್ಟುತ್ತಿದ್ದವು.

ಬಾಗಿಲು ತೆರೆದಿಟ್ಟೆ, ಗಾಳಿ ಬಂತು;
ದೀಪ ಹಚ್ಚಿಟ್ಟೆ, ನೆರಳು ಬಂತು;
ನೀ ಬಂದ ಹೊತ್ತಿಗೆ ಮಾತ್ರ ನಾನು...

ಇಷ್ಟಾಗುವಷ್ಟರಲ್ಲಿ ಕೈ ಕುತ್ತಿಗೆಯ ಹಿಂದಕ್ಕೆ ಬಂದಿರುತ್ತಿತ್ತು. "ಸ್ವಲ್ಪ ತಲೆ ಬಗ್ಗಿಸಿ" ಅಂದು ಮೆಷಿನ್ ಹಚ್ಚುತ್ತಿದ್ದ. ನಾಲ್ಕನೆಯ ಸಾಲನ್ನು ಅದರ ಗುರ್ರಿನೊಳಗೆ, ತನಗೊಬ್ಬನಿಗೇ ಎಂಬಂತೆ ಹೇಳಿಕೊಳ್ಳುತ್ತಿದ್ದ.

ಪದ್ಯ ಕಟ್ಟಿದವಳು ಅವನ ಹೆಂಡತಿ, ಅಂಗಡಿ ಮುಚ್ಚಿ ತಡವಾಗಿ ಬರುವ ಗಂಡನಿಗೆ ಕಾದು ಕಾದು. ಬರೆದಿಡು ಅಂದರೆ, "ನಿಮ್ಮ ಬಾಯಿ ಇದೆಯಲ್ಲ, ಅದಕ್ಕಿಂತ ದೊಡ್ಡ ಪ್ರಿಂಟಿಂಗ್ ಪ್ರೆಸ್ ಬೇಕಾ?" ಅಂದಿದ್ದಳಂತೆ. ಅವಳು ಹೋದಳು, ಪದ್ಯ ಉಳಿಯಿತು. ಆಮೇಲೆ ಅವನು ಜ್ವರ ತಲೆಗೇರಿ ಆಸ್ಪತ್ರೆ ಸೇರಿದ. ಎದ್ದು ಬಂದಾಗ ಎಲ್ಲ ನೆನಪಿತ್ತು, ಆ ಕೊನೆಯ ಸಾಲೊಂದು ಬಿಟ್ಟು.

ಊರಿಗೆಲ್ಲ ಹಂಚಿದ್ದೇನೆ, ಯಾರ ಹತ್ತಿರವಾದರೂ ಇದ್ದೇ ಇರುತ್ತೆ ಎಂಬ ಧೈರ್ಯ ಅವನಿಗೆ. ಬಸ್ ಡ್ರೈವರನ್ನು ಕೇಳಿದ.

"ಅಯ್ಯೋ, ನಿದ್ದೆಯಲ್ಲೂ ಹೇಳ್ತೀನಿ ಅಣ್ಣಾ! 'ನೀ ಬಂದ ಹೊತ್ತಿಗೆ ಮಾತ್ರ ನಾನು, ಸ್ವಲ್ಪ ತಲೆ ಬಗ್ಗಿಸಿ!'"

"ಅದು ಪದ್ಯ ಅಲ್ಲಪ್ಪಾ, ನಿನ್ನ ಕುತ್ತಿಗೆಗೆ ಹೇಳಿದ್ದು!"

ಮೇಷ್ಟ್ರು ಇನ್ನೊಂದು ಹೆಜ್ಜೆ ಮುಂದೆ. ಪ್ರೀತಿಯಲ್ಲಿ ವಿನಯ ಎಷ್ಟು ಮುಖ್ಯ ಅಂತ ಆ ಸಾಲಿಟ್ಟುಕೊಂಡು ಒಂದು ಪೀರಿಯಡ್ ಪೂರ್ತಿ ಪಾಠ ಮಾಡಿದ್ದರು.

ಉಳಿದವಳು ಮಗಳು. ನಾನು ಕುರ್ಚಿಯಲ್ಲಿದ್ದೆ. ಅವನ ಕೈತುಂಬ ನನ್ನ ತಲೆಯ ಅಳಿದುಳಿದ ಆಸ್ತಿ. ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿದ.

"ಪುಟ್ಟೀ, ಅಮ್ಮನ ಪದ್ಯದ ಕೊನೇ ಸಾಲು ಹೇಳಮ್ಮಾ."

"ಅದೇನಪ್ಪಾ ಹೊಸದಾಗಿ? ಚಿಕ್ಕೋಳಿದ್ದಾಗ ಅದೇ ಕುರ್ಚೀಲಿ ಕೂರಿಸಿ ನೀವೇ ಹೇಳ್ತಿದ್ರಲ್ಲಾ." ಅವಳು ರಾಗವಾಗಿ ಶುರು ಮಾಡಿದಳು. ಮೂರನೆಯ ಸಾಲು ಮುಗಿಯಿತು. ಅವನು ಫೋನಿನ ಕಡೆ ಬಗ್ಗಿದ.

"...ಸ್ವಲ್ಪ ತಲೆ ಬಗ್ಗಿಸಿ!" ಅಂದು ಕಿಲಕಿಲ ನಕ್ಕಳು.

ಅವನೂ ನಕ್ಕ, ಅವಳಿಗೆ ಕೇಳಿಸಲಿ ಅಂತ. ಫೋನ್ ಇಟ್ಟ.

ಕತ್ತರಿ ಮತ್ತೆ ಎತ್ತಿಕೊಂಡ. ಬಾಗಿಲು, ಗಾಳಿ, ದೀಪ, ನೆರಳು. "ನೀ ಬಂದ ಹೊತ್ತಿಗೆ ಮಾತ್ರ ನಾನು..." ಅಂದು ನಿಂತ.

ಹಾಳು ಅಭ್ಯಾಸ ನೋಡಿ, ನನ್ನ ತಲೆ ತಾನಾಗೇ ಬಗ್ಗಿತು. ಮೆಷಿನ್ ಎಷ್ಟು ಹೊತ್ತಾದರೂ ಕುತ್ತಿಗೆಗೆ ಬರಲಿಲ್ಲ. ಕನ್ನಡಿಯಲ್ಲಿ ಅವನ ಮುಖ ಕಾಣಬೇಕೆಂದರೆ ನಾನು ತಲೆ ಎತ್ತಬೇಕಿತ್ತು. ಎತ್ತಲಿಲ್ಲ.