ಎಂಟು ಹಲ್ಲಿನ ಖ್ಯಾತಿ

ಅಪ್ಪ ಆಸ್ತಿ ಪಾಲು ಮಾಡಿದ್ದು ಒಂದೇ ವಾಕ್ಯದಲ್ಲಿ: ಮಗನಿಗೆ ಗರಗಸ, ಮಗಳಿಗೆ ಅರ. ಮಗ ಎಂಜಿನ್ ಗರಗಸವನ್ನು ಹೆಗಲಿಗೇರಿಸಿಕೊಂಡು ಮರ ಕೊಯ್ಯಲು ಹೊರಟ. ಮಗಳು ಗರಗಸಗಳ ಹಲ್ಲು ಮಸೆಯುತ್ತ, ಎಂಜಿನ್ನು ಬಿಚ್ಚಿ ಜೋಡಿಸುತ್ತ ರಿಪೇರಿ ಅಂಗಡಿಯಲ್ಲೇ ಉಳಿದಳು. ಊರವರು ಅವಳನ್ನು ಅರದಕ್ಕ ಎಂದು ಕರೆಯತೊಡಗಿ ಇಪ್ಪತ್ತು ವರ್ಷವಾಯಿತು. ಅಣ್ಣನ ಹೆಸರು ಸ್ಪೀಡಣ್ಣ. ಅದನ್ನು ಬಹುಮಟ್ಟಿಗೆ ಅವನೇ ಇಟ್ಟುಕೊಂಡದ್ದು.

ಅಂಗಡಿ ಎಂದರೆ ಒಂದೇ ಕೋಣೆ. ಕಿಟಕಿಗೆ ಒತ್ತಿದ ಮೇಜು, ಗೋಡೆಯ ಮೊಳೆಗಳಲ್ಲಿ ನೇತಾಡುವ ಚೈನುಗಳು, ಎಣ್ಣೆ ಕುಡಿದು ಕಪ್ಪಾದ ನೆಲ. ತೆಳು ಗೋಡೆಯ ಆಚೆ ಅವಳ ಗಂಡನ ಹೊಲಿಗೆ ಯಂತ್ರ. ಈಚೆ ಎಂಜಿನ್ನು ಕೂಗಿದಾಗಲೆಲ್ಲ ಆಚೆ ಯಾರದೋ ಕಾಲರು ಸೊಟ್ಟಗಾಗುತ್ತಿತ್ತು.

ಒಂದು ಬೆಳಿಗ್ಗೆ ಸ್ಪೀಡಣ್ಣ ಗರಗಸವನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟ. ಮರದ ಡಿಪೋದವರು ಪಂದ್ಯ ಕಟ್ಟಿದ್ದರು. ಗಟ್ಟಿ ಮರದ ದಪ್ಪ ದಿಮ್ಮಿಯನ್ನು ಯಾರು ಬೇಗ ಕೊಯ್ಯುತ್ತಾರೋ ಅವರ ತಂಡಕ್ಕೆ ವರ್ಷದ ಕೆಲಸ.

"ಎಂಟು ಹಲ್ಲಿನ ಚಕ್ರ ಹಾಕು. ಎಂಜಿನ್ನು ಕಿರುಚ್ಬೇಕು," ಎಂದ.

ಚಕ್ರವೆಂದರೆ ಎಂಜಿನ್ನಿನ ತಿರುಗುವಿಕೆಯನ್ನು ಚೈನಿಗೆ ದಾಟಿಸುವ ಪುಟ್ಟ ಹಲ್ಲುಗಾಲಿ. ಅವನ ಗರಗಸದಲ್ಲಿದ್ದದ್ದು ಏಳು ಹಲ್ಲಿನದು.

"ಒಂದು ಹಲ್ಲು ಜಾಸ್ತಿ ಆದ್ರೆ ಚೈನು ಜೋರಾಗಿ ಓಡುತ್ತೆ, ನಿಜ," ಎಂದಳು ತಂಗಿ. "ಆದ್ರೆ ಎಳೆಯೋ ಬಲ ಇಳಿಯುತ್ತೆ. ಸೈಕಲ್ಲಲ್ಲಿ ಏರು ಹತ್ತುವಾಗ ಭಾರದ ಗೇರು ಹಾಕಿದ ಹಾಗೆ. ನಿನ್ನದು ಉದ್ದದ ಅಲಗು, ಮರ ಕಬ್ಬಿಣದಂಥದ್ದು. ಅರ್ಧದಲ್ಲೇ ಉಸಿರು ಕಟ್ಟುತ್ತೆ."

"ನೀನು ಯಾವತ್ತಾದ್ರೂ ಮರ ಕೊಯ್ದಿದ್ದೀಯಾ?"

ಕೊಯ್ದಿರಲಿಲ್ಲ, ಅಪ್ಪ ಬಿಟ್ಟಿರಲಿಲ್ಲ. "ಆಯ್ತು, ಹಾಕ್ತೀನಿ," ಎಂದಳು.

ಹಾಕಿದ್ದು ಹೊಸದೇ ಚಕ್ರ, ಆದರೆ ಏಳು ಹಲ್ಲಿನದು. ಅದು ಕ್ಲಚ್ಚಿನ ಹಿಂದೆ ಅಡಗಿ ಕೂರುವುದರಿಂದ ಕ್ಲಚ್ಚು ಬಿಚ್ಚದೆ ಯಾರಿಗೂ ಕಾಣುವಂತಿರಲಿಲ್ಲ. ಆಮೇಲೆ, ಖಾಲಿ ಓಡುವಾಗ ಎಂಜಿನ್ನು ತುಸು ಕೆಮ್ಮಿದರೂ ಮರದೊಳಗೆ ಅದಕ್ಕೆ ಪೆಟ್ರೋಲು ಕಡಿಮೆಯಾಗದಿರಲೆಂದು ಪೆಟ್ರೋಲಿನ ಸ್ಕ್ರೂವನ್ನು ಕೂದಲೆಳೆಯಷ್ಟು ಸಡಿಲಿಸಿ, ಮಧ್ಯಾಹ್ನವಿಡೀ ಕೂತು ಚೈನಿನ ಒಂದೊಂದು ಹಲ್ಲನ್ನೂ ಒಂದೇ ಓರೆಗೆ ಮಸೆದಳು.

ಸಂಜೆ ಸ್ಪೀಡಣ್ಣ ಚಾಲೂ ಮಾಡಿ ನೋಡಿದ. ಎಂಜಿನ್ನು ಕಿರುಚುವ ಬದಲು ಗಂಟಲಲ್ಲಿ ಕಫ ಕಟ್ಟಿದಂತೆ ಗೊರಗೊರ ಎಂದಿತು.

"ಇದೇನು, ಕೆಮ್ಮುತ್ತೆ?"

"ದೊಡ್ಡ ಚಕ್ರ ಅಲ್ವಾ, ಖಾಲಿ ಓಡಿದ್ರೆ ಹಾಗೇ. ಮರ ಕಚ್ಚಿದ ಮೇಲೆ ಸರಿಹೋಗುತ್ತೆ."

ಮೊದಲ ಮಾತು ಶುದ್ಧ ಸುಳ್ಳು, ಎರಡನೆಯದು ಶುದ್ಧ ಸತ್ಯ. ಅವನು ಎರಡನ್ನೂ ನಂಬಿದ.

ಪಂದ್ಯದಲ್ಲಿ ಎದುರಾಳಿಯ ಗರಗಸಕ್ಕೆ ನಿಜವಾಗಿಯೂ ಎಂಟು ಹಲ್ಲಿತ್ತು. ಗಾಳಿಯಲ್ಲಿ ಅದು ಕಿರುಚಿದ ರಭಸಕ್ಕೆ ಜನ ಎರಡು ಹೆಜ್ಜೆ ಹಿಂದೆ ಸರಿದರು. ಅಲಗು ದಿಮ್ಮಿಯೊಳಗೆ ಒಂದು ಗೇಣು ಇಳಿಯುತ್ತಲೇ ಕಿರುಚಾಟ ನರಳಾಟವಾಯಿತು, ಚೈನು ನಿಂತಿತು, ಕ್ಲಚ್ಚು ಹೊಗೆಯಾಡಿತು. ಸ್ಪೀಡಣ್ಣನ ಗರಗಸವೋ, ಮರಕ್ಕೆ ಬಾಯಿ ಹಾಕಿದ್ದೇ ಗಂಟಲು ಸರಿಮಾಡಿಕೊಂಡು ಒಂದೇ ಸ್ವರದಲ್ಲಿ ನಡೆಯಿತು. ಅಲಗಿನ ಬುಡದಿಂದ ದಪ್ಪ ದಪ್ಪ ಚಕ್ಕೆ ಸುರಿದವು. ಕೊಯ್ದ ಬಿಲ್ಲೆ ನೆಲಕ್ಕುರುಳಿದಾಗ ಎದುರಾಳಿ ಇನ್ನೂ ಅರ್ಧದಲ್ಲಿದ್ದ. ಕುಣಿಯಲು ಬಾರದವರು ನೆಲ ಡೊಂಕೆಂದಂತೆ ಅವನು ದಿಮ್ಮಿಯ ಗಂಟನ್ನು ದೂರಿದ.

"ಎಲ್ಲಾ ಆ ಎಂಟು ಹಲ್ಲಿನ ಮಹಿಮೆ," ಎಂದು ಸ್ಪೀಡಣ್ಣ ಡಿಪೋದಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಎದುರಾಳಿಗೂ ಅಷ್ಟೇ ಹಲ್ಲಿತ್ತೆಂಬುದನ್ನು ಯಾರೂ ಯೋಚಿಸಲಿಲ್ಲ. ಸೋತವನ ಹಲ್ಲನ್ನು ಯಾರು ಎಣಿಸುತ್ತಾರೆ?

ಮರುವಾರ ಅರದಕ್ಕನ ಬಾಗಿಲಲ್ಲಿ ಸಾಲು ನಿಂತಿತು. ಎಲ್ಲರಿಗೂ ಎಂಟು ಬೇಕು. ಅವಳು ನಿಜ ಹೇಳಿದಳು: "ಅವನದ್ದು ಏಳೇ. ಗೆದ್ದದ್ದು ಮಸೆತದಿಂದ."

"ಅಣ್ಣನ ಗುಟ್ಟು ಬಿಟ್ಟುಕೊಡಲ್ಲ ಬಿಡಕ್ಕ ನೀನು," ಎಂದು ನಕ್ಕು, ಬೇರೆ ಕಡೆ ಎಂಟು ಹಲ್ಲು ಹಾಕಿಸಿಕೊಂಡರು. ತಿಂಗಳೊಳಗೆ ಅದೇ ಜನ ಸುಟ್ಟ ಕ್ಲಚ್ಚು ಹಿಡಿದು ವಾಪಸು ಬಂದರು. ನಿಜ ಹೇಳಿದ್ದಕ್ಕೆ ಅವಳಿಗೆ ಅಷ್ಟು ಕೆಲಸ ಎಂದೂ ಸಿಕ್ಕಿರಲಿಲ್ಲ.

ಆರು ತಿಂಗಳ ಮೇಲೆ ಸ್ಪೀಡಣ್ಣನ ಗರಗಸ ಕಟಕಟ ಎನ್ನತೊಡಗಿತು. ಅಂದು ಅವನಿಗೆ ಬೇರೆ ಕೆಲಸವಿರಲಿಲ್ಲ, ಎದುರಿಗೇ ಸ್ಟೂಲು ಎಳೆದುಕೊಂಡು ಕೂತ. ತಂಗಿಗೆ ಕ್ಲಚ್ಚು ಬಿಚ್ಚದೆ ವಿಧಿಯಿರಲಿಲ್ಲ. ಅವನು ಸವೆದ ಚಕ್ರವನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಹಲ್ಲು ಎಣಿಸಿದ. ಮತ್ತೊಮ್ಮೆ ಎಣಿಸಿದ. ಕಿವಿ ಕೆಂಪಾಯಿತು. ತಂಗಿ ತಲೆ ಎತ್ತದೆ ಬೇರಿಂಗಿಗೆ ಗ್ರೀಸು ಸವರುತ್ತಿದ್ದಳು.

"ಸವೆದುಹೋಗಿದೆ," ಎಂದ ಕೊನೆಗೆ. "ಹೊಸದು ಹಾಕು."

"ಎಷ್ಟು ಹಲ್ಲಿಂದು?"

ಅವನು ಬೀದಿಯ ಕಡೆ ನೋಡಿದ. "ಎಂಟು. ಇಂಥದ್ದೇ ಎಂಟು."

ಅವಳು ಡಬ್ಬಿಯಿಂದ ಏಳು ಹಲ್ಲಿನದನ್ನು ತೆಗೆದು ಕೂರಿಸಿದಳು.

ಈಗಲೂ ಸ್ಪೀಡಣ್ಣ ಡಿಪೋಗೆ ಬರುವ ಹೊಸಬರಿಗೆ ಎಂಟು ಹಲ್ಲಿನ ಮಹಿಮೆ ಬೋಧಿಸುತ್ತಾನೆ. ಕಡೆಯಲ್ಲಿ ಮಾತ್ರ ದನಿ ತಗ್ಗಿಸಿ, "ಹಾಕಿಸೋದಾದ್ರೆ ನನ್ನ ತಂಗಿ ಹತ್ರಾನೇ ಹಾಕಿಸ್ರಪ್ಪ. ಅವಳ ಎಂಟೇ ಬೇರೆ," ಎನ್ನುತ್ತಾನೆ. ಅವರು ಬಂದು "ನಿಮ್ಮ ಎಂಟು ಕೊಡಿ ಅಕ್ಕ" ಎನ್ನುತ್ತಾರೆ. ಅರದಕ್ಕ ಈಗ ಯಾರಿಗೂ ಲೆಕ್ಕ ಕಲಿಸಲು ಹೋಗುವುದಿಲ್ಲ.